ಬೇಡ ಎಂದವರ ಮನೆಗೆ ಮತ್ತೆ ಮತ್ತೆ: ಲಸಿಕೆಯ ದಿನಗಳ ನನ್ನ ಅನುಭವ

2021ರ ಜನವರಿ 16ರಂದು ದೇಶದಲ್ಲಿ ಕೋವಿಡ್ ಲಸಿಕೆ ಹಾಕುವ ಕೆಲಸ ಆರಂಭವಾದಾಗ ಮೊದಲು ಹಿಂದೇಟು ಹಾಕಿದವರು ಹಳ್ಳಿಯ ಜನರಲ್ಲ, ನಾವು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಆ ದಿನಗಳ ಬಗ್ಗೆ ನಮ್ಮ ಇಲಾಖೆಯವರು ಮಾತಿಗೆ ಕುಳಿತರೆ "ಜನರಿಗೆ ತಿಳಿವಳಿಕೆ ಇರಲಿಲ್ಲ, ನಾವು ತಿಳಿಹೇಳಿದೆವು" ಎಂಬ ಧಾಟಿ ತಾನಾಗಿಯೇ ಬಂದುಬಿಡುತ್ತದೆ. ನಾನು ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಕಿರಿಯ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡುತ್ತಾ ಬಂದವಳು. ಈಚೆಗೆ ನಮ್ಮ ಹುದ್ದೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಎಂಬ ಉದ್ದನೆಯ ಹೆಸರು ಬಂದಿದ್ದರೂ ಊರಿನವರಿಗೆ ನಾನು ಈಗಲೂ ನರ್ಸಮ್ಮನೇ. ಎರಡು ದೊಡ್ಡ ಊರು, ಮೂರು ಸಣ್ಣ ಹಳ್ಳಿ, ಒಂದು ಗೊಲ್ಲರಹಟ್ಟಿ, ಒಂದು ಲಂಬಾಣಿ ತಾಂಡಾ ನನ್ನ ವ್ಯಾಪ್ತಿ. ತೆಂಗು, ರಾಗಿ, ಮಳೆಯನ್ನೇ ನಂಬಿದ ಹೊಲಗಳ ಸೀಮೆ.

ಆರೋಗ್ಯ ಸಿಬ್ಬಂದಿಗೇ ಮೊದಲು ಎಂದು ಪಟ್ಟಿ ಬಂದಾಗ ನಮ್ಮೊಳಗೆ ನಡೆದ ಮಾತುಕತೆ ನನಗೆ ಚೆನ್ನಾಗಿ ನೆನಪಿದೆ. ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್ ಎರಡಕ್ಕೂ ಜನವರಿ 3ರಂದು ತುರ್ತು ಬಳಕೆಯ ಅನುಮತಿ ಸಿಕ್ಕಿತ್ತು. ಆದರೆ ಕೋವ್ಯಾಕ್ಸಿನ್‌ನ ಮೂರನೆಯ ಹಂತದ ಪ್ರಯೋಗದ ಫಲಿತಾಂಶ ಇನ್ನೂ ಹೊರಬಿದ್ದಿರಲಿಲ್ಲ. ಅದನ್ನು ಹಾಕಿಸಿಕೊಳ್ಳುವವರು ಪ್ರತ್ಯೇಕ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ಆ ಷರತ್ತು ಮಾರ್ಚ್‌ನಲ್ಲಿ ಹೋಯಿತು, ಆದರೆ ಜನವರಿಯಲ್ಲಿ ನಮ್ಮ ಮುಂದಿದ್ದದ್ದು ಆ ಪತ್ರವೇ. ನಮ್ಮ ಭಾಗಕ್ಕೆ ಎರಡರಲ್ಲಿ ಯಾವುದು ಬರುತ್ತದೆ ಎಂಬುದನ್ನು ತಿಳಿದುಕೊಳ್ಳುವುದಕ್ಕೇ ಫೋನುಗಳು ಓಡಾಡಿದವು. ಒಬ್ಬರಿಗೆ ಇದ್ದಕ್ಕಿದ್ದಂತೆ ತವರಿನಲ್ಲಿ ಕೆಲಸ ಬಂತು, ಇನ್ನೊಬ್ಬರಿಗೆ ಸಕ್ಕರೆ ಏರಿತು. ನನ್ನ ಯಜಮಾನರು "ಮೊದಲ ವಾರ ಬೇಡ, ಹಾಕಿಸಿಕೊಂಡವರು ಹೇಗಿದ್ದಾರೆ ನೋಡೋಣ" ಎಂದರು. ನಾನೂ ಒಳಗೊಳಗೇ ಅದನ್ನೇ ಕಾಯುತ್ತಿದ್ದೆ. ಇಪ್ಪತ್ತು ವರ್ಷ ಮಕ್ಕಳ ತೊಡೆಗೆ ಸೂಜಿ ಚುಚ್ಚಿ, ಅಳುವ ಕೂಸಿನ ತಾಯಿಗೆ "ಏನೂ ಹೆದರಬೇಡಮ್ಮ" ಎನ್ನುತ್ತಿದ್ದವಳು ನನ್ನ ಸರದಿ ಬಂದಾಗ ಮೀನಮೇಷ ಎಣಿಸಿದೆ. ಎರಡನೆಯ ವಾರ ಹಾಕಿಸಿಕೊಂಡೆ. ಅಂದು ರಾತ್ರಿ ಮೈಕೈ ಮುರಿದಂತಾಗಿ ಜ್ವರ 101 ಡಿಗ್ರಿ ಮುಟ್ಟಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಇಳಿಯಿತು. ಮುಂದಿನ ಒಂದು ವರ್ಷ ನನಗೆ ಉಪಯೋಗಕ್ಕೆ ಬಂದಷ್ಟು ಆ ಜ್ವರ, ಇಲಾಖೆ ಕೊಟ್ಟ ಯಾವ ಕರಪತ್ರವೂ ಬರಲಿಲ್ಲ.

ಮಾರ್ಚ್ 1ರಿಂದ ಅರವತ್ತು ದಾಟಿದವರಿಗೂ, ಬೇರೆ ಕಾಯಿಲೆಗಳಿದ್ದ ನಲವತ್ತೈದು ದಾಟಿದವರಿಗೂ, ಏಪ್ರಿಲ್ 1ರಿಂದ ನಲವತ್ತೈದು ದಾಟಿದ ಎಲ್ಲರಿಗೂ ಲಸಿಕೆ ತೆರೆಯಿತು. ಆಶಾ ಕಾರ್ಯಕರ್ತೆಯರು ಮನೆಮನೆ ಪಟ್ಟಿ ಮಾಡಿ ತಂದರು. ಮೇಲಿನಿಂದ ಬಂದ ನಮೂನೆಯಲ್ಲಿ ಹೆಸರು, ವಯಸ್ಸು, ಆಧಾರ್, ಮೊಬೈಲ್ ಎಲ್ಲದಕ್ಕೂ ಕಲಂ ಇದ್ದು, ಕೊನೆಯಲ್ಲಿ "ನಿರಾಕರಣೆ" ಎಂದು ಒಂದೇ ಒಂದು ಕಲಂ ಇತ್ತು. ಒಪ್ಪದವರ ಮುಂದೆ ಅಲ್ಲಿ ಒಂದು ಗುರುತು ಹಾಕಿದರೆ ಕೆಲಸ ಮುಗಿಯಿತು. ಮೊದಲ ಹದಿನೈದು ದಿನ ನಾನೂ ಹಾಗೇ ಮಾಡಿದೆ. ಆಮೇಲೆ ಏಕೋ ಆ ಗುರುತುಗಳನ್ನು ನೋಡುವಾಗ, ಇದರಿಂದ ನನಗೆ ಏನೂ ತಿಳಿಯುತ್ತಿಲ್ಲ ಅನ್ನಿಸಿತು. ರಿಜಿಸ್ಟರಿನ ಹಿಂದಿನ ಖಾಲಿ ಪುಟಗಳಲ್ಲಿ, ಬೇಡ ಎಂದವರು ಯಾವ ಮಾತಿನಲ್ಲಿ ಬೇಡ ಎಂದರೋ ಅದೇ ಮಾತನ್ನು ಬರೆದಿಡತೊಡಗಿದೆ. ಯಾರೂ ಹೇಳಿಕೊಟ್ಟದ್ದಲ್ಲ, ಯಾರಿಗೂ ತೋರಿಸಲೂ ಇಲ್ಲ.

ಆ ಪುಟಗಳು ತುಂಬುತ್ತಾ ಹೋದಂತೆ ಗೊತ್ತಾದದ್ದೇನೆಂದರೆ, ಲಸಿಕೆಯ ಒಳಗೆ ಏನಿದೆ ಎಂಬ ಪ್ರಶ್ನೆ ಕೇಳಿದವರು ಬಹಳ ಕಡಿಮೆ. "ನಾಕು ದಿನ ಮಲಗಿದ್ರೆ ಕೂಲಿ ಯಾರು ಕೊಡ್ತಾರೆ?" "ನನ್ನ ಮಗ ಬೆಂಗಳೂರಲ್ಲಿ ಅವ್ನೆ, ಅವ್ನು ಬರೋಗಂಟ ಬ್ಯಾಡ." "ಏನಾರ ಆದ್ರೆ ನೀನು ಬತ್ತೀಯಾ, ಇಲ್ಲ ನೂರೆಂಟಕ್ಕೆ ಫೋನ್ ಮಾಡು ಅಂತೀಯಾ?" ಇವು ಬೇರೆ ಬೇರೆ ಮನೆಯ ಮಾತುಗಳಾದರೂ ಇವುಗಳ ಅಡಿಯಲ್ಲಿದ್ದ ಪ್ರಶ್ನೆ ಒಂದೇ: ಚುಚ್ಚಿದ ಮೇಲೆ ನಮ್ಮ ಜೊತೆ ಯಾರಿರುತ್ತಾರೆ? ನಾವು ಧ್ವನಿವರ್ಧಕದಲ್ಲಿ ಲಸಿಕೆ ಸುರಕ್ಷಿತ, ಲಸಿಕೆ ಪರಿಣಾಮಕಾರಿ ಎಂದು ಕೂಗುತ್ತಾ ಆಟೋದಲ್ಲಿ ಓಡಾಡುತ್ತಿದ್ದೆವು. ಅವರು ಕೇಳಿದ್ದು ಒಂದು, ನಾವು ಹೇಳುತ್ತಿದ್ದುದು ಇನ್ನೊಂದು.

ಅದು ತಿಳಿದ ಮೇಲೆ ನಾನು ಮಾಡಿದ ಮೊದಲ ಬದಲಾವಣೆ ಬಹಳ ಸಣ್ಣದು. ಲಸಿಕೆ ಹಾಕಿದ ಮರುದಿನ ಬೆಳಗ್ಗೆ, ಇನ್ನೊಂದು ಸೆಷನ್ ಶುರುವಾಗುವ ಮುನ್ನ, ಹಿಂದಿನ ದಿನ ಹಾಕಿಸಿಕೊಂಡವರ ಮನೆಗಳ ಮುಂದೆ ಹಾದುಹೋಗುವುದು. ಒಳಗೆ ಕೂರುವಷ್ಟು ಸಮಯವಿರುತ್ತಿರಲಿಲ್ಲ. ಜಗಲಿಯಿಂದಲೇ "ಜ್ವರ ಬಂತಾ? ಮಾತ್ರೆ ನುಂಗಿದ್ರಾ? ತೋಳು ಊದಿದೆಯಾ?" ಎಂದು ಕೇಳಿ ಮುಂದೆ ಹೋಗುತ್ತಿದ್ದೆ. ಹೀಗೆ ಕೇಳುವುದನ್ನು ಪಕ್ಕದ ಮನೆಯವರು ನೋಡುತ್ತಿದ್ದರು ಎಂಬುದೇ ಮುಖ್ಯ. ಎರಡನೆಯ ಬದಲಾವಣೆ ನನ್ನ ಬಾಯಿಗೆ ಸಂಬಂಧಿಸಿದ್ದು. "ಏನೂ ಆಗಲ್ಲ" ಎಂಬ ಮಾತನ್ನು ಬಿಟ್ಟೆ. ಮಾರ್ಚ್‌ನಲ್ಲಿ ಒಬ್ಬ ಗೃಹಿಣಿಗೆ ಹಾಗೆಂದು ಹೇಳಿ ಚುಚ್ಚಿದ್ದೆ. ಆಕೆಗೆ ಎರಡು ದಿನ ಜ್ವರ ಬಂದು, ಹಾಲು ಕರೆಯಲಾಗದೆ ಡೈರಿಗೆ ಹಾಲು ಹೋಗದೆ, ಆ ಬೀದಿಯ ಆರು ಮನೆಯವರು ಬಾಗಿಲು ಹಾಕಿಕೊಂಡರು. ತಪ್ಪು ಲಸಿಕೆಯದಲ್ಲ, ನನ್ನದು. ಅಲ್ಲಿಂದ ಮುಂದೆ "ಇವತ್ತು ರಾತ್ರಿ ಜ್ವರ ಬರಬಹುದು, ನನಗೂ ಬಂದಿತ್ತು, ನಾಳೆ ಇಳಿಯುತ್ತದೆ, ಇಳಿಯದಿದ್ದರೆ ನನಗೆ ಫೋನ್ ಮಾಡಿ" ಎಂದು ಹೇಳತೊಡಗಿದೆ. ಮುಂಚೆಯೇ ಹೇಳಿದ ಜ್ವರಕ್ಕೆ ಯಾರೂ ಹೆದರಲಿಲ್ಲ. ಜ್ವರ ಬಾರದಿದ್ದವರು ಬಂದು, "ನಂಗೆ ಜ್ವರವೇ ಬರ್ಲಿಲ್ವಲ್ಲ, ಔಷ್ದಿ ಸರಿ ಇತ್ತಾ?" ಎಂದು ವಿಚಾರಿಸಿದ್ದೂ ಉಂಟು.

ಅಷ್ಟರಲ್ಲಿ ಎರಡನೆಯ ಅಲೆ ಬಂತು. ಏಪ್ರಿಲ್ ಮಧ್ಯದಲ್ಲಿ ತಮಿಳು ನಟ ವಿವೇಕ್ ಲಸಿಕೆ ಹಾಕಿಸಿಕೊಂಡ ಮರುದಿನ ಕುಸಿದು ಬಿದ್ದು, ಅದರ ಮರುದಿನ ತೀರಿಕೊಂಡ ಸುದ್ದಿ ಟಿವಿಯಲ್ಲಿ ದಿನವಿಡೀ ಓಡಿದಾಗ ಒಂದು ವಾರ ನಮ್ಮ ಕೇಂದ್ರ ಬಿಕೋ ಎಂದಿತು. ಆ ಸಾವಿಗೂ ಲಸಿಕೆಗೂ ಸಂಬಂಧವಿಲ್ಲವೆಂದು ಮುಂದೆ ರಾಷ್ಟ್ರೀಯ ಸಮಿತಿ ಹೇಳಿತು, ಆದರೆ ಅದು ತಿಂಗಳುಗಳ ನಂತರದ ಮಾತು. ವಿಚಿತ್ರವೆಂದರೆ ಆ ಭಯ ಹದಿನೈದು ದಿನವೂ ನಿಲ್ಲಲಿಲ್ಲ, ಅದಕ್ಕಿಂತ ದೊಡ್ಡ ಭಯ ಬಂದು ಅದನ್ನು ನುಂಗಿತು. ಬೆಂಗಳೂರಿನಿಂದ ಮಕ್ಕಳು ಊರಿಗೆ ಬಂದರು, ಅವರ ಹಿಂದೆಯೇ ಕೆಮ್ಮು ಬಂತು. ಮೇ ತಿಂಗಳಲ್ಲಿ ಬೆಳಗಿನ ಐದಕ್ಕೇ ಕೇಂದ್ರದ ಮುಂದೆ ಚಪ್ಪಲಿ, ಕಲ್ಲು, ಚೀಲಗಳ ಸಾಲು ಕಾಣತೊಡಗಿತು. ನ್ಯಾಯಬೆಲೆ ಅಂಗಡಿಯಲ್ಲಿ ಜಾಗ ಹಿಡಿಯುವ ಹಾಗೆ. ನಮ್ಮ ಬಳಿ ಲಸಿಕೆ ಇರಲಿಲ್ಲ. ಒಂದು ದಿನಕ್ಕೆ ಎರಡು ವಯಲ್, ಅಂದರೆ ಲಸಿಕೆಯ ಎರಡು ಸೀಸೆ, ಬಂದರೆ ಇಪ್ಪತ್ತು ಜನ. ಸಾಲಿನಲ್ಲಿ ನೂರೈವತ್ತು ಚಪ್ಪಲಿ. ಮಾರ್ಚ್‌ನಲ್ಲಿ ನಾನು ಮೂರು ಸಲ ಹೋಗಿ ಕರೆದರೂ ಬಾರದಿದ್ದ ಹಿರಿಯರೊಬ್ಬರು ಸಾಲಿನ ಕೊನೆಯಲ್ಲಿ ನಿಂತು, "ಅವತ್ತು ಕೈ ಮುಗಿದು ಕರೆದೆ, ಇವತ್ತು ಕೈ ಅಡ್ಡ ಹಿಡೀತೀಯಲ್ಲವ್ವ" ಎಂದರು. ನಗುತ್ತಲೇ ಅಂದರು, ಆದರೂ ಆ ಮಾತು ಚುಚ್ಚಿತು.

ಅದೇ ಹೊತ್ತಿಗೆ ಕೋವಿಶೀಲ್ಡ್‌ನ ಎರಡು ಡೋಸುಗಳ ನಡುವಿನ ಅಂತರ ಬದಲಾಯಿತು. ಮೊದಲು ನಾಲ್ಕರಿಂದ ಆರು ವಾರ ಎಂದಿದ್ದದ್ದು ಮಾರ್ಚ್ ಕೊನೆಗೆ ಆರರಿಂದ ಎಂಟು ವಾರ, ಮೇ 13ಕ್ಕೆ ಹನ್ನೆರಡರಿಂದ ಹದಿನಾರು ವಾರ. ನಾನೇ ನನ್ನ ಕೈಯಾರೆ ಚೀಟಿಯಲ್ಲಿ ಬರೆದುಕೊಟ್ಟ ದಿನಾಂಕಕ್ಕೆ ಬಂದವರನ್ನು ನಾನೇ ವಾಪಸ್ಸು ಕಳಿಸಬೇಕಾಯಿತು. "ಸ್ಟಾಕಿಲ್ಲ ಅಂತ ಹೇಳೋಕೆ ನಾಚಿಕೆ, ಅದಕ್ಕೆ ರೂಲ್ಸ್ ತಿರುಗಿಸಿದ್ದಾರೆ" ಎಂದು ಶಾಲಾ ಮಾಸ್ತರರೊಬ್ಬರು ಎಲ್ಲರ ಎದುರೇ ಅಂದರು. ಅಂತರ ಹೆಚ್ಚಿದ್ದರೆ ರಕ್ಷಣೆ ಹೆಚ್ಚುತ್ತದೆ ಎಂದು ಬ್ರಿಟನ್ನಿನ ಅಧ್ಯಯನಗಳು ಹೇಳಿದ್ದೂ ನಿಜ, ನಮ್ಮಲ್ಲಿ ಸ್ಟಾಕ್ ಇಲ್ಲದ್ದೂ ನಿಜ. ನಾನು ಎರಡನ್ನೂ ಹೇಳಿದೆ. ಮೇಲಿನವರು ಮೊದಲನೆಯದನ್ನು ಮಾತ್ರ ಹೇಳಿ ಎನ್ನುತ್ತಿದ್ದರು. ಕಣ್ಣೆದುರೇ ಖಾಲಿ ಐಸ್ ಬಾಕ್ಸ್ ನೋಡುತ್ತಿದ್ದವರಿಗೆ ಅರ್ಧ ಸತ್ಯ ಹೇಳಿದ್ದರೆ ಉಳಿದರ್ಧವನ್ನು ಅವರೇ ತುಂಬಿಕೊಳ್ಳುತ್ತಿದ್ದರು, ಅದೂ ಬೇರೆ ರೀತಿಯಲ್ಲಿ.

ಜೂನ್ 21ರಿಂದ ಹದಿನೆಂಟು ದಾಟಿದ ಎಲ್ಲರಿಗೂ ಕೇಂದ್ರವೇ ಉಚಿತವಾಗಿ ಕೊಡತೊಡಗಿದ ಮೇಲೆ, ಆಗಸ್ಟ್ ಹೊತ್ತಿಗೆ ಸರಬರಾಜು ಸರಿಹೋಯಿತು. ಅಲೆಯ ಭಯವೂ ಇಳಿದಿತ್ತು. ಸಾಲಿನಲ್ಲಿ ನಿಂತು ಕೇಳಿ ಪಡೆದವರೆಲ್ಲ ಮುಗಿದು, ಪಟ್ಟಿಯಲ್ಲಿ ಉಳಿದವರು ನಿಜವಾಗಿ ಬೇಡ ಎನ್ನುವವರು. ಇಲ್ಲಿಂದ ಮುಂದಿನ ನಾಲ್ಕು ತಿಂಗಳೇ ನಾನು ಈ ಕೆಲಸವನ್ನು ಕಲಿತ ಕಾಲ.

ತಾಂಡಾದವರದು ಹೊಟ್ಟೆಪಾಡಿನ ಲೆಕ್ಕ. ವಾರದಲ್ಲಿ ಆರು ದಿನ ಕೂಲಿ, ಸುಗ್ಗಿಯಲ್ಲಿ ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಗುಳೆ. ನಮ್ಮ ಸೆಷನ್‌ಗಳು ಬೆಳಗ್ಗೆ ಹತ್ತಕ್ಕೆ ಶುರುವಾಗಿ ನಾಲ್ಕಕ್ಕೆ ಮುಗಿಯುತ್ತಿದ್ದವು, ಅಂದರೆ ತಾಂಡಾದಲ್ಲಿ ಮುದುಕರೂ ನಾಯಿಗಳೂ ಮಾತ್ರ ಇರುವ ಹೊತ್ತು. ಬಂದವರು ಇಲ್ಲ ಎಂದು ವರದಿ ಬರೆದು ಎರಡು ಸಲ ವಾಪಸ್ಸು ಬಂದಿದ್ದೆವು. ಮೂರನೆಯ ಸಲ ಶನಿವಾರ ಸಂಜೆ ಆರಕ್ಕೆ, ಸೇವಾಲಾಲ್ ಗುಡಿಯ ಕಟ್ಟೆಯ ಮೇಲೆ ಬಲ್ಬು ಎಳೆಸಿ ಕುಳಿತೆವು. ಜ್ವರ ಬಂದರೂ ಭಾನುವಾರದ ಮೇಲೆ ಬೀಳಲಿ ಎಂಬುದು ಲೆಕ್ಕ. ಮೊದಲ ಅರ್ಧ ಗಂಟೆ ಐದೇ ಜನ. ಇದನ್ನು ಓದುವವರಿಗೆ ಒಂದು ಮಾತು ತಿಳಿಯಬೇಕು: ಕೋವಿಶೀಲ್ಡ್‌ನ ಒಂದು ವಯಲ್ ತೆರೆದರೆ ಹತ್ತು ಡೋಸ್, ಒಬ್ಬರಿಗೆ ಅರ್ಧ ಎಂ.ಎಲ್., ತೆರೆದ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಇಲ್ಲವಾದರೆ ಎಸೆಯಬೇಕು. ಐದು ಜನಕ್ಕೆ ತೆರೆದರೆ ಐದು ಡೋಸ್ ಹಾಳು, ಅದಕ್ಕೆ ಮೇಲಿನಿಂದ ಬೈಗುಳ. ತೆರೆಯದೆ ಕಾಯಿಸಿದರೆ ಆ ಐವರೂ ಎದ್ದು ಹೋಗುತ್ತಾರೆ. ನಾನು ಲೇಬಲ್ ಮೇಲೆ 6.40 ಎಂದು ಪೆನ್ನಿನಲ್ಲಿ ಬರೆದು ತೆರೆದುಬಿಟ್ಟೆ. ಆಮೇಲೆ ಆಶಾ ಕಾರ್ಯಕರ್ತೆ ಟಾರ್ಚ್ ಹಿಡಿದು ಮನೆಮನೆಗೆ ಹೋಗಿ, "ಔಷಧಿ ತೆಗೆದಾಗಿದೆ, ಇನ್ನು ಐದು ಜನ ಬಂದರೆ ಸಾಕು, ಇಲ್ಲದಿದ್ದರೆ ಚೆಲ್ಲಬೇಕು" ಎಂದಳು. ಔಷಧಿ ಚೆಲ್ಲುವುದೆಂದರೆ ಅವರಿಗೆ ಹಾಲು ಚೆಲ್ಲಿದ ಹಾಗೆ ಅನ್ನಿಸಿತೋ ಏನೋ, ಎಂಟೂವರೆಯ ಹೊತ್ತಿಗೆ ಮೂರನೆಯ ವಯಲ್‌ನ ತಳ ಕಂಡಿತು. ಜಾಗ್ರತೆಯಾಗಿ ಎಳೆದರೆ ಹತ್ತು ಡೋಸಿನ ವಯಲ್‌ನಲ್ಲಿ ಹನ್ನೊಂದನೆಯದೂ ಸಿಗುತ್ತಿತ್ತು; ಅಂದಿನ ಕೊನೆಯ ಹನ್ನೊಂದನೆಯ ಡೋಸ್ ನಮಗೆ ಬಲ್ಬು ಕಟ್ಟಿಕೊಟ್ಟ ಹುಡುಗನ ತೋಳಿಗೆ ಹೋಯಿತು.

ಗೊಲ್ಲರಹಟ್ಟಿಯಲ್ಲಿ ವಿಷಯ ಬೇರೆ. ಮುಟ್ಟಿನ ಐದು ದಿನ ಮುಂಚೆ, ಐದು ದಿನ ಆಮೇಲೆ ಹೆಂಗಸರು ಲಸಿಕೆ ಹಾಕಿಸಿಕೊಳ್ಳಬಾರದು ಎಂಬ ಸಂದೇಶ ಏಪ್ರಿಲ್ ಕೊನೆಗೇ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿತ್ತು; ಅದು ಸುಳ್ಳೆಂದು ಸರ್ಕಾರ ಕೂಡಲೇ ಹೇಳಿತ್ತು. ಆದರೆ ಮುಟ್ಟಾದವರು ಊರ ಹೊರಗಿನ ಗುಡಿಸಲಿನಲ್ಲಿ ಉಳಿಯುವ ಪದ್ಧತಿ ಇನ್ನೂ ಪೂರ್ತಿ ಹೋಗದ ಕಡೆ ಆ ಸಂದೇಶಕ್ಕೆ ಬೇರು ಮೊದಲೇ ಸಿದ್ಧವಿತ್ತು. ಹಟ್ಟಿಯ ಹೆಂಗಸರು ನನ್ನ ಹತ್ತಿರ ಲಸಿಕೆ ಬೇಡ ಎನ್ನಲಿಲ್ಲ. "ಇವತ್ತು ಆಗಕ್ಕಿಲ್ಲ" ಎಂದರು, ಮುಂದಿನ ವಾರವೂ ಹಾಗೇ ಎಂದರು. ಗಂಡಸರ ಎದುರು ಕಾರಣ ಕೇಳುವಂತಿಲ್ಲ. ಕೊನೆಗೆ ಬಾವಿಯ ಹತ್ತಿರ ಒಬ್ಬಾಕೆ, ಪಿಯುಸಿವರೆಗೆ ಓದಿ ಹಟ್ಟಿಗೆ ಸೊಸೆಯಾಗಿ ಬಂದವಳು, ಮೆಲ್ಲನೆ ಹೇಳಿದಳು: "ಅಕ್ಕ, ಹಾಕಿಸ್ಕೊಂಡ ತಿಂಗಳು ಒಳಗೇನಾರ ಏರುಪೇರಾದ್ರೆ, ಹೊರಗೆ ಇನ್ನೂ ನಾಕು ದಿನ ಹೆಚ್ಗೆ ಇರಬೇಕಾಯ್ತದೆ." ಗರ್ಭ ನಿಲ್ಲುವುದಿಲ್ಲ ಎಂಬ ಗಾಳಿಸುದ್ದಿಗೆ ಉತ್ತರ ತಯಾರಿಸಿಕೊಂಡು ಹೋಗಿದ್ದೆ, ಈ ಲೆಕ್ಕ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಕೆಲವರಿಗೆ ಒಂದು ತಿಂಗಳು ದಿನ ಹಿಂದುಮುಂದಾಗುವುದನ್ನು ನಾನೂ ಕೇಳಿದ್ದೆ, ಆದ್ದರಿಂದ ಅದನ್ನು ಸುಳ್ಳೆನ್ನಲಿಲ್ಲ. "ಆದರೂ ಆಗಬಹುದು, ಮುಂದಿನ ತಿಂಗಳಿಗೆ ಸರಿಹೋಗುತ್ತದೆ" ಎಂದೆ. ಆ ಸೊಸೆಯೇ ಒಂದು ದಿನ ಗೊತ್ತು ಮಾಡಿ ಹನ್ನೆರಡು ಹೆಂಗಸರನ್ನು ಉಪಕೇಂದ್ರಕ್ಕೆ ಕರೆತಂದಳು. ಹಟ್ಟಿಯಲ್ಲಿ ಸೆಷನ್ ಮಾಡಿದ್ದರೆ ಯಾರು ಯಾವ ದಿನ ಬಂದರು ಎಂಬುದನ್ನು ಎಲ್ಲರೂ ಲೆಕ್ಕ ಹಾಕುತ್ತಿದ್ದರಂತೆ.

ಗಂಡಸರ ಕಾರಣಗಳಲ್ಲಿ ದೊಡ್ಡ ಪಾಲು ಹೆಂಡಕ್ಕೆ ಸೇರಿದ್ದು. ಲಸಿಕೆ ಹಾಕಿಸಿಕೊಂಡರೆ ನಲವತ್ತೈದು ದಿನ ಕುಡಿಯುವಂತಿಲ್ಲ ಎಂದು ಯಾರು ಹುಟ್ಟಿಸಿದರೋ ತಿಳಿಯದು. ಹೆಂಡತಿಯರಿಗೆ ಆ ಸುದ್ದಿ ಬಹಳ ಹಿಡಿಸಿತ್ತು, "ಅದು ಸುಳ್ಳು ಅಂತ ಹೇಳಬೇಡ ನರ್ಸಮ್ಮ" ಎಂದು ನನ್ನ ಕಿವಿಯಲ್ಲಿ ಹೇಳಿದವರಿದ್ದಾರೆ. ನಾನು ಇಕ್ಕಟ್ಟಿಗೆ ಸಿಕ್ಕಿದೆ. ಸುಳ್ಳೆಂದು ಹೇಳದಿದ್ದರೆ ಗಂಡಸರು ಬರುವುದಿಲ್ಲ. ಹೇಳಿದರೆ ಹೆಂಗಸರಿಗೆ ಸಿಟ್ಟು. ಆ ವರ್ಷ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 6ಕ್ಕೆ ಬಿದ್ದಿತ್ತು. ಪಕ್ಷದಲ್ಲಿ ಹಿರಿಯರಿಗೆ ಎಡೆ ಇಟ್ಟು ಬಾಡೂಟ, ಅದರ ಜೊತೆಗಿನದೆಲ್ಲ ಮುಗಿದ ಮೇಲೆ ಬರುತ್ತೇವೆಂದು ಮಾತು ಕೊಟ್ಟವರ ಹೆಸರು ಬರೆದಿಟ್ಟುಕೊಂಡೆ. ಹಬ್ಬ ಕಳೆದ ಮೂರನೆಯ ದಿನ ಪಟ್ಟಿ ಹಿಡಿದು ಹೋದಾಗ ಮುಕ್ಕಾಲು ಪಾಲು ಜನ ಮಾತಿಗೆ ತಪ್ಪಲಿಲ್ಲ.

ಇನ್ನು ಎರಡು ವರ್ಷದೊಳಗೆ ಸಾಯುತ್ತಾರೆ ಎಂಬ ಸುದ್ದಿ. ನೊಬೆಲ್ ಪಡೆದ ಫ್ರಾನ್ಸಿನ ವಿಜ್ಞಾನಿಯೊಬ್ಬರು, ಲಸಿಕೆ ಹಾಕಿಸಿಕೊಂಡವರೆಲ್ಲ ಎರಡು ವರ್ಷದಲ್ಲಿ ಸಾಯುತ್ತಾರೆ ಎಂದು ಹೇಳಿದ್ದಾರೆಂದು ಹರಡಿತ್ತು. ಅವರು ಲಸಿಕಾ ಅಭಿಯಾನವನ್ನು ಟೀಕಿಸಿದ್ದು ಹೌದಾದರೂ ಆ ಮಾತನ್ನು ಹೇಳಿರಲಿಲ್ಲ. ನಮ್ಮ ಭಾಗದಲ್ಲಿ ಅದನ್ನು ನಂಬಿದವರು ಓದುಬರಹ ಬಾರದವರಲ್ಲ, ಡಿಗ್ರಿ ಮಾಡಿ ಊರಿಗೆ ಮರಳಿದ್ದ ಹುಡುಗರು. ಅವರ ಜೊತೆ ವಾದ ಮಾಡಿ ನಾನು ಒಂದು ಸಲವೂ ಗೆಲ್ಲಲಿಲ್ಲ.

ನನ್ನ ಪಾಲಿಗೆ ಬಂದ ಒಳ್ಳೆಯ ಸಹಾಯ ಎಂಬತ್ತು ದಾಟಿದ ಒಬ್ಬ ಅಜ್ಜಿಯದು. ಸೆಪ್ಟೆಂಬರ್‌ನ ಒಂದು ಮಧ್ಯಾಹ್ನ ಅವರ ಮನೆಯ ಪಡಸಾಲೆಯಲ್ಲಿ ಕೂರಿಸಿ, ರವಿಕೆಯ ತೋಳು ಮೇಲೆತ್ತಿ ಸ್ಪಿರಿಟ್ ಹತ್ತಿ ಒರೆಸುವಾಗ ಭುಜದ ಕೆಳಗೆ ಎರಡು ದುಂಡನೆಯ ಗುರುತು ಕಂಡವು. ಹಳೆಯ ನಾಣ್ಯ ಒತ್ತಿದಂತೆ, ನಡುವೆ ಸುಕ್ಕಾಗಿ, ಅಂಚು ಬೆಳ್ಳಗೆ. "ಇದು ದಾಕಿನ ಗುರುತು" ಎಂದರು ಅಜ್ಜಿ. ಸಿಡುಬಿಗೆ ದಾಕು ಹಾಕುವವನು ಊರಿಗೆ ಬಂದನೆಂದರೆ ತಾಯಂದಿರು ಮಕ್ಕಳನ್ನು ಅಟ್ಟ ಹತ್ತಿಸಿ, ಹುಲ್ಲಿನ ಮೆದೆಯ ಹಿಂದೆ ಬಚ್ಚಿಡುತ್ತಿದ್ದರಂತೆ. ಅಜ್ಜಿಯನ್ನೂ ಅವರ ತಂಗಿಯನ್ನೂ ರಾಗಿ ಕಣಜದ ಪಕ್ಕ ಅಡಗಿಸಿದ್ದರು. ಅಜ್ಜಿ ಸೀನಿ ಸಿಕ್ಕಿಬಿದ್ದರು, ತಂಗಿ ಸಿಕ್ಕಲಿಲ್ಲ. "ಮಾರನೇ ವರ್ಷ ಅಮ್ಮ ಬಂದ್ಲು. ನಂಗೆ ಮುಟ್ನಿಲ್ಲ. ಅವ್ಳಿಗೆ ಒಂದು ಕಣ್ಣೋಯ್ತು." ಇಷ್ಟನ್ನು ಅವರು ಏರುದನಿಯಲ್ಲಿ ಹೇಳಲಿಲ್ಲ, ಅಡಿಕೆ ಕತ್ತರಿಸುತ್ತಾ ಹೇಳಿದರು. ಬಾಗಿಲಲ್ಲಿ ನಿಂತಿದ್ದ ಎರಡನೆಯ ಸೊಸೆ, ಅಲ್ಲಿಯವರೆಗೆ ಮೂರು ಸಲ ಬೇಡ ಎಂದವಳು, ಒಳಗೆ ಬಂದು ಕುಳಿತಳು. ಆಮೇಲೆ ನಾನು ಎಲ್ಲಿ ಹೋದರೂ ಆ ಊರಿನ ಹಿರಿಯರ ತೋಳುಗಳಲ್ಲಿ ದಾಕಿನ ಗುರುತು ಹುಡುಕುತ್ತಿದ್ದೆ, ಅದರ ಕಥೆ ಕೇಳುತ್ತಿದ್ದೆ, ಮನೆಯವರೂ ಕೇಳುವಂತೆ ನೋಡಿಕೊಳ್ಳುತ್ತಿದ್ದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯರ ಒಂದು ವರ್ಣಚಿತ್ರವಿದೆ, 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದದ್ದು. ಅದರಲ್ಲಿ ಒಬ್ಬ ರಾಣಿ ಸೀರೆಯ ಸೆರಗು ಸರಿಸಿ ತೋಳು ತೋರುತ್ತಿರುವುದು ಆಗಷ್ಟೇ ಭಾರತಕ್ಕೆ ಬಂದಿದ್ದ ಸಿಡುಬಿನ ಲಸಿಕೆಯ ಪ್ರಚಾರಕ್ಕೆಂದು ಇತಿಹಾಸಕಾರರು ಓದುತ್ತಾರೆ. ಆ ಚಿತ್ರವನ್ನು ನಾನು ಮೊಬೈಲಿನಲ್ಲಿ ನೋಡಿದ್ದು ಬಹಳ ತಡವಾಗಿ. ಆ ಪಡಸಾಲೆಯ ಅಜ್ಜಿ ಮಾಡಿದ್ದೂ ಅದನ್ನೇ ಅಲ್ಲವೇ ಎನ್ನಿಸಿತು.

ಕೆಲಸ ಕೆಡಿಸಿದ್ದು ಜನರಿಗಿಂತ ಹೆಚ್ಚಾಗಿ ಟಾರ್ಗೆಟ್. ಸೆಪ್ಟೆಂಬರ್ 17ರಂದು ರಾಜ್ಯದಾದ್ಯಂತ ಲಸಿಕಾ ಮೇಳ ನಡೆಯಿತು, ದೇಶದಲ್ಲಿ ಒಂದೇ ದಿನ ಎರಡೂವರೆ ಕೋಟಿಗೂ ಹೆಚ್ಚು ಡೋಸ್ ಬಿದ್ದ ದಿನ ಅದು. ಬೆಳಗ್ಗೆ ಆರರಿಂದ ರಾತ್ರಿ ಹನ್ನೊಂದರವರೆಗೆ ದುಡಿದೆವು, ಅದರ ಹೆಮ್ಮೆ ನನಗೂ ಇದೆ. ಆದರೆ ಮೇಳದ ಮುಂದಿನ ವಾರಗಳಲ್ಲಿ ಒಬ್ಬ ಮೇಲಧಿಕಾರಿ ದಿನಕ್ಕೆ ಮೂರು ಸಲ ಅಂಕಿ ಕೇಳತೊಡಗಿದಾಗ, ಕೆಲವು ಕಡೆ ಲಸಿಕೆ ಆಗದವರ ಮೊಬೈಲ್‌ಗೂ "ನಿಮಗೆ ಎರಡನೆಯ ಡೋಸ್ ಯಶಸ್ವಿಯಾಗಿ ನೀಡಲಾಗಿದೆ" ಎಂಬ ಸಂದೇಶ ಹೋಯಿತು. ನನ್ನ ವ್ಯಾಪ್ತಿಯಲ್ಲೇ ಒಬ್ಬರಿಗೆ, ಅವರು ತೀರಿಕೊಂಡು ಎರಡು ತಿಂಗಳಾದ ಮೇಲೆ, ಅಂತಹ ಸಂದೇಶ ಬಂತು. ಹೆಸರು ಸೇರಿಸುವಾಗ ಎಲ್ಲೋ ಬೆರಳು ತಪ್ಪಿರಬಹುದು. ಅವರ ಮಗ ಫೋನ್ ತಂದು ನನ್ನ ಮೇಜಿನ ಮೇಲಿಟ್ಟು ಏನೂ ಮಾತಾಡದೆ ನಿಂತಾಗ ನನಗೂ ಮಾತು ಹೊರಡಲಿಲ್ಲ. ಆರು ತಿಂಗಳು ಮನೆಮನೆ ತಿರುಗಿ ಗಳಿಸಿದ್ದು ಒಂದು ಸಂದೇಶದಲ್ಲಿ ಹೋಗುತ್ತದೆ. ಲಸಿಕೆ ಇಲ್ಲದಿದ್ದರೆ ಪಡಿತರವಿಲ್ಲ, ಪಿಂಚಣಿಯಿಲ್ಲ ಎಂದು ಬೇರೆ ಕಡೆ ಅಧಿಕಾರಿಗಳು ಹೇಳಿದ ಸುದ್ದಿಯೂ ಆಗಲೇ ಬಂತು. ಆ ಮಾತನ್ನು ಹಿಂತೆಗೆದುಕೊಂಡರಂತೆ, ಆದರೆ ನಮ್ಮ ಊರಿನಲ್ಲಿ ಎರಡು ದಿನ ಹೆಂಗಸರು ಕಾರ್ಡ್ ಹಿಡಿದು ಓಡಿ ಬಂದು ತೋಳು ಕೊಟ್ಟರು. ಅಂಕಿ ಏರಿತು. ಅವರ ಮುಖ ನೋಡಿದಾಗ ನನಗೆ ಸಂತೋಷವಾಗಲಿಲ್ಲ. ಎರಡನೆಯ ಡೋಸಿಗೆ ಅವರಲ್ಲಿ ಅರ್ಧ ಜನ ಬರಲೇ ಇಲ್ಲ.

ಒಂದು ಸಾವಿನ ವಿಷಯವನ್ನೂ ಬರೆಯಬೇಕು. ಹೃದಯದ ತೊಂದರೆಗೆ ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದ ವೃದ್ಧರೊಬ್ಬರು ಲಸಿಕೆಯ ನಾಲ್ಕನೆಯ ದಿನ ನಿದ್ದೆಯಲ್ಲೇ ಹೋದರು. ಮನೆಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಬೀದಿಯವರು ಅಂದರು. ಲಸಿಕೆಯ ನಂತರದ ಗಂಭೀರ ಘಟನೆ ಯಾವುದೇ ಇದ್ದರೂ, ಕಾರಣ ಏನೇ ಇರಲಿ, ವರದಿ ಮಾಡಿ ಜಿಲ್ಲಾ ಸಮಿತಿಯ ತನಿಖೆಗೆ ಕಳಿಸಬೇಕೆಂಬುದು ನಿಯಮ. "ವಯಸ್ಸಾಗಿತ್ತು, ಸುಮ್ಮನೆ ಬರೆದು ಏಕೆ ತಲೆನೋವು" ಎಂದು ಸಲಹೆ ಕೊಟ್ಟವರಿದ್ದರು. ನಾನು ವರದಿ ಬರೆದೆ, ತಿಥಿಯ ಊಟಕ್ಕೂ ಹೋದೆ, ವರದಿ ಬರೆದಿದ್ದೇನೆಂದು ಅಲ್ಲಿ ಕುಳಿತವರಿಗೂ ಹೇಳಿದೆ. ತಾಲ್ಲೂಕಿನಿಂದ ವೈದ್ಯರು ಬಂದು ಹಳೆಯ ಚೀಟಿಗಳನ್ನೆಲ್ಲ ನೋಡಿ, ಮನೆಯವರೊಂದಿಗೆ ಒಂದು ಗಂಟೆ ಕುಳಿತು ಹೋದರು. ಲಸಿಕೆ ಕಾರಣವಲ್ಲವೆಂಬ ತೀರ್ಮಾನ ಬಂದದ್ದು ಬಹಳ ದಿನದ ಮೇಲೆ. ಬೀದಿಯ ಬಾಯಿ ಅಷ್ಟರೊಳಗೇ ಮುಚ್ಚಿತ್ತು. ಆ ಬೀದಿಯವರಿಗೆ ಬೇಕಾಗಿದ್ದದ್ದು ತೀರ್ಮಾನಕ್ಕಿಂತ ಯಾರಾದರೂ ಬಂದು ಕೇಳುವುದು.

ಹಾಗೆಂದು ಎಲ್ಲರೂ ಒಪ್ಪಲಿಲ್ಲ. ನವೆಂಬರ್‌ನಲ್ಲಿ ಮನೆಮನೆಗೆ ಲಸಿಕೆ ಒಯ್ಯುವ ಅಭಿಯಾನ ಬಂದಾಗ ವ್ಯಾಕ್ಸಿನ್ ಕ್ಯಾರಿಯರ್ ಹೆಗಲಿಗೆ ಹಾಕಿಕೊಂಡು ಹೊಲಗಳಿಗೂ ಹೋದೆವು. ಕೊನೆಗೆ ನನ್ನ ಹಿಂದಿನ ಪುಟಗಳಲ್ಲಿ ಇಪ್ಪತ್ತೇಳು ಹೆಸರು ಉಳಿದವು. ಅವರಲ್ಲಿ ಒಬ್ಬರು ತೆಂಗಿನಕಾಯಿ ಮಂಡಿಯ ಯಜಮಾನರು. ಅಂದಾಜು ಹತ್ತು ಸಲ ಹೋಗಿದ್ದೇನೆ. ಪ್ರತಿ ಸಲವೂ ಎಳನೀರು ಕೊಡುತ್ತಿದ್ದರು, ಕೊಬ್ಬರಿ ಧಾರಣೆಯ ಮಾತಾಡುತ್ತಿದ್ದರು, ಕೊನೆಗೆ "ನೀನು ಹೇಳೋದು ಸರಿ ಇರಬಹುದು, ನನ್ನ ಮೈ, ನನಗೆ ಬೇಡ" ಎನ್ನುತ್ತಿದ್ದರು. ಹತ್ತನೆಯ ಸಲ ನಾನೂ "ಆಯ್ತು ಗೌಡ್ರೆ" ಎಂದು ಎಳನೀರು ಕುಡಿದು ಬಂದೆ. 2022ರ ಮೇ 2ರಂದು, ಯಾರನ್ನೂ ಬಲವಂತವಾಗಿ ಲಸಿಕೆಗೆ ಒಳಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ, ಆ ಪತ್ರಿಕೆಯ ತುಣುಕನ್ನು ಅವರು ಮಂಡಿಯ ಗೋಡೆಗೆ ಅಂಟಿಸಿದರು. ಅದರ ಬಗ್ಗೆ ನನಗೆ ಬೇಸರವಿಲ್ಲ.

ಕಥೆ ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ, ಮುಗಿಯಲಿಲ್ಲ. 2024ರ ಏಪ್ರಿಲ್ ಕೊನೆಗೆ, ತಮ್ಮ ಲಸಿಕೆಯಿಂದ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟಬಹುದೆಂದು ಆಸ್ಟ್ರಾಜೆನೆಕಾ ಕಂಪನಿ ಬ್ರಿಟನ್ನಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡ ಸುದ್ದಿ ಬಂತು. ಕೋವಿಶೀಲ್ಡ್ ಅದೇ ಲಸಿಕೆ. ನನ್ನ ಫೋನು ಮೂರು ದಿನ ಬಿಡುವಿಲ್ಲದೆ ಬಡಿದುಕೊಂಡಿತು. ಆ ತೊಂದರೆ ಬರುವುದಿದ್ದರೆ ಚುಚ್ಚಿಸಿಕೊಂಡ ಕೆಲವೇ ವಾರಗಳಲ್ಲಿ ಬರುತ್ತದೆ, ಮೂರು ವರ್ಷದ ಮೇಲೆ ಅಲ್ಲ ಎಂದು ಎಲ್ಲರಿಗೂ ಹೇಳಿದೆ. "ಅವತ್ತೇ ಯಾಕೆ ಹೇಳಲಿಲ್ಲ?" ಎಂದು ಗೊಲ್ಲರಹಟ್ಟಿಯ ಆ ಸೊಸೆ ಕೇಳಿದಳು. ನಾನು ಜ್ವರದ ಬಗ್ಗೆ ಹೇಳಿದ್ದೆ, ಮುಟ್ಟಿನ ಬಗ್ಗೆ ಹೇಳಿದ್ದೆ, ಇದರ ಬಗ್ಗೆ ಹೇಳಿರಲಿಲ್ಲ. 2021ರಲ್ಲೇ ಯುರೋಪಿನಲ್ಲಿ ಇದರ ಚರ್ಚೆ ನಡೆದಿತ್ತು. ನಮ್ಮ ತರಬೇತಿಯಲ್ಲಿ ಅದನ್ನು ಒಂದು ಸಾಲಿನಲ್ಲಿ ದಾಟಿಸಿದ್ದರು, ನಾನೂ ದಾಟಿಸಿದೆ. ಅವಳ ಪ್ರಶ್ನೆಗೆ ನನ್ನಲ್ಲಿ ಒಳ್ಳೆಯ ಉತ್ತರವಿರಲಿಲ್ಲ, ಹಾಗೆಂದೇ ಅವಳಿಗೆ ಹೇಳಿದೆ.

2025ರ ಜೂನ್‌ನಲ್ಲಿ ನಮ್ಮ ಹಾಸನ ಜಿಲ್ಲೆಯ ಹೆಸರು ಹೃದಯಾಘಾತಗಳಿಂದಾಗಿ ಪ್ರತಿದಿನ ಟಿವಿಯಲ್ಲಿ ಬಂತು. ಒಂದು ತಿಂಗಳ ಆಸುಪಾಸಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ, ಅವರಲ್ಲಿ ಕೆಲವರು ಎಳೆಯರು, ತೀರಿಕೊಂಡಿದ್ದರು. ಲಸಿಕೆಯ ಮೇಲೆ ಅನುಮಾನ ಮತ್ತೆ ಎದ್ದಿತು, ದೊಡ್ಡ ಹುದ್ದೆಯಲ್ಲಿದ್ದವರೂ ಅದನ್ನೇ ಆಡಿದರು. ಜನ ಮೈಸೂರಿನ ಜಯದೇವ ಆಸ್ಪತ್ರೆಗೆ ಪರೀಕ್ಷೆಗೆಂದು ಮುಗಿಬಿದ್ದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಲಸಿಕೆಗೂ ಆ ಸಾವುಗಳಿಗೂ ನೇರ ಸಂಬಂಧ ಕಾಣಲಿಲ್ಲ ಎಂದಿತು. ಅದಕ್ಕೂ ಮುಂಚೆ, 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 47 ಆಸ್ಪತ್ರೆಗಳನ್ನು ಸೇರಿಸಿ ನಡೆಸಿದ ಅಧ್ಯಯನದಲ್ಲೂ ಹದಿನೆಂಟರಿಂದ ನಲವತ್ತೈದು ವಯಸ್ಸಿನವರ ಹಠಾತ್ ಸಾವಿನ ಅಪಾಯವನ್ನು ಲಸಿಕೆ ಹೆಚ್ಚಿಸಿಲ್ಲವೆಂದೂ, ಮನೆತನದಲ್ಲಿ ಅಂತಹ ಸಾವಿನ ಇತಿಹಾಸ, ಮಿತಿಮೀರಿದ ಕುಡಿತ, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು ಮುಂತಾದವು ಹೆಚ್ಚಿಸುತ್ತವೆಂದೂ ಕಂಡಿತ್ತು. ಇದನ್ನೆಲ್ಲ ನಾನು ಉಪಕೇಂದ್ರದ ಬಾಗಿಲಲ್ಲಿ ನಿಂತು ಹೇಳಿದೆ. ಕೆಲವರು ಕೇಳಿದರು, ಕೆಲವರು ತಲೆಯಾಡಿಸಿ ಎದ್ದು ಹೋದರು.

ಜುಲೈನ ಒಂದು ಸೋಮವಾರ ಬೆಳಗ್ಗೆ ಮಂಡಿಯ ಗೌಡರು ಬಂದು ಬೆಂಚಿನ ಮೇಲೆ ಕುಳಿತರು. ಅಷ್ಟು ವರ್ಷಗಳಲ್ಲಿ ಅವರು ಉಪಕೇಂದ್ರದ ಹೊಸಿಲು ದಾಟಿದ್ದು ಅದೇ ಮೊದಲು. "ನಾನು ಹಾಕಿಸ್ಕೊಂಡಿಲ್ಲ, ನಿಂಗೇ ಗೊತ್ತು. ಆದ್ರೂ ಮೆಟ್ಲು ಹತ್ತಿದ್ರೆ ಎದೆ ಹಿಡ್ದಂಗಾಯ್ತದೆ" ಎಂದರು. ಪಟ್ಟಿ ಕಟ್ಟಿ ಬಿಪಿ ನೋಡಿದೆ, 170ಕ್ಕೆ 104. ಎಷ್ಟು ವರ್ಷದಿಂದ ಹಾಗಿತ್ತೋ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಇಸಿಜಿಗೆ ಹೇಳಿ, ಅವರ ಮಗನನ್ನು ಬೈಕ್ ಬೇಡ, ಕಾರು ತಾ ಎಂದು ಕಳಿಸಿದೆ. ಕಾರು ಬರುವವರೆಗೆ ಗೌಡರು ತೋಳಿನ ಪಟ್ಟಿ ಬಿಚ್ಚಿಸಿಕೊಳ್ಳದೆ ಕುಳಿತಿದ್ದರು. "ನಾಳೆ ಬತ್ತೀಯಾ ಮನೆ ಕಡೆ?" ಎಂದು ಕೇಳಿದರು.

ಬರುತ್ತೇನೆ ಎಂದೆ.